ಶಾಲೆಯ ಮಾಳಿಗೆಯ ಹೊಣೆ ಯಾರದು?

(ಗಂಗಾವತಿಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆ ಸೋರುತ್ತದೆ ಎಂದು ನಾವು ಮಾಸ್ತರರನ್ನು ಕೇಳುತ್ತೇವೆ. ಮಾಸ್ತರರು ಇಲಾಖೆಯತ್ತ ಬೆರಳು ತೋರಿಸುತ್ತಾರೆ. ಇಲಾಖೆಯವರು ಅನುದಾನ ಬಂದಿಲ್ಲ ಎನ್ನುತ್ತಾರೆ. ಮಳೆ ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಶಾಲೆ ಸುಲಭಕ್ಕೆ ಬಂದದ್ದಲ್ಲ. 1948ರ ಸೆಪ್ಟೆಂಬರದವರೆಗೆ ನಾವು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದೆವು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. ಕನ್ನಡದ ಮಗುವಿಗೆ ವಿದ್ಯೆ ದೂರದ ಮಾತಾಗಿತ್ತು. ಅಂಥ ಕಾಲದಲ್ಲಿ, 1922ರಲ್ಲಿ, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿತು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಇಷ್ಟೆಲ್ಲ ಬದಲಾವಣೆಗಳನ್ನು ಕಂಡು ನಿಂತ ಹಳೆಯ ಶಾಲೆಗಳು ಜನರ ಆಸ್ತಿ. ಅವುಗಳನ್ನು ಉಳಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಹಳೆಯ ಕಲ್ಲು ಕಟ್ಟಡ ಒಮ್ಮೆಲೇ ಬೀಳುವುದಿಲ್ಲ. ಎರಡು ಮೈ ಕಲ್ಲು ಕಟ್ಟಿ ನಡುವೆ ಮಣ್ಣು, ಚೂರುಕಲ್ಲು ತುಂಬಿದ ಗೋಡೆ ಅದು. ಮಾಳಿಗೆಯ ನೀರು ಹರಿಯುವ ದಾರಿಯಲ್ಲಿ ಕಸ ಕಟ್ಟುತ್ತದೆ. ನೀರು ನಿಂತು ಗೋಡೆಯೊಳಗೆ ಇಳಿಯುತ್ತದೆ. ಒಳಗಿನ ಮಣ್ಣು ಸಡಿಲಾಗಿ ಗೋಡೆ ಉಬ್ಬುತ್ತದೆ. ತೊಲೆ ಗೋಡೆಯೊಳಗೆ ಸೇರುವ ತುದಿಯೇ ಮೊದಲು ಕೊಳೆಯುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಬೆರಳುದ್ದ ಇದ್ದಾಗ ಕೈಯಿಂದ ಕೀಳಬಹುದು. ಬೇರು ಇಳಿದ ಮೇಲೆ ಅದನ್ನು ತೆಗೆಯಲು ಗೋಡೆಯನ್ನೇ ಬಿಚ್ಚಬೇಕು.

ದುರಸ್ತಿಯ ಹೆಸರಿನಲ್ಲಿ ಆಗುವ ಕೇಡೂ ಉಂಟು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿಯುತ್ತಾರೆ. ಸುಣ್ಣದ ಗೋಡೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಹೊರಗೆ ಹೊಸದಾಗಿ ಕಂಡ ಗೋಡೆ ಒಳಗೊಳಗೇ ಹಾಳಾಗುತ್ತದೆ. ಮಣ್ಣಿನ ಮಾಳಿಗೆಯ ಮೇಲೆ ಹಳೆಯ ಮಣ್ಣು ತೆಗೆಯದೆ ವರ್ಷವರ್ಷ ಹೊಸ ಮಣ್ಣು ಹಾಕಿದರೆ ಭಾರವೆಲ್ಲ ತೊಲೆಯ ಮೇಲೆ ಬೀಳುತ್ತದೆ.

ಗಿರಣಿಯಲ್ಲಿ ದುಡಿಯುವ ನಮಗೆ ಇದು ತಿಳಿಯದ್ದಲ್ಲ. ಯಂತ್ರಕ್ಕೆ ಹೊತ್ತಿಗೆ ಸರಿಯಾಗಿ ಎಣ್ಣೆ ಬಿಟ್ಟರೆ ಖರ್ಚು ಸ್ವಲ್ಪ. ಬಿಡದಿದ್ದರೆ ಯಂತ್ರವೇ ಹೋಗುತ್ತದೆ. ಅಂಗಡಿಯ ತಗಡು ಸೋರಿದರೆ ವ್ಯಾಪಾರಸ್ಥನು ಮುಂದಿನ ವರ್ಷದ ಮುಂಗಡಪತ್ರಕ್ಕೆ ಕಾಯುವುದಿಲ್ಲ.

ಅಲಕ್ಷ್ಯದ ಬೆಲೆ ಎಷ್ಟೆಂಬುದನ್ನು ನೋಡಿದ್ದೇವೆ. 2022ರ ಅಕ್ಟೋಬರದಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ನೂರು ವರ್ಷ ದಾಟಿದ ಕಟ್ಟಡದ ಒಂದು ಭಾಗ ಕುಸಿಯಿತು. ಪುಣ್ಯಕ್ಕೆ ವಿದ್ಯಾರ್ಥಿನಿಯರ ಜೀವ ಉಳಿಯಿತು. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಸರಕಾರಿ ಶಾಲೆಯೊಂದು ಕುಸಿದು ಏಳು ಮಕ್ಕಳು ಸತ್ತರು. ಅವರು ಹಳ್ಳಿಯ ಬಡವರ ಮಕ್ಕಳು. ಆದ್ದರಿಂದ ಹಳೆಯದೆಂಬ ಅಭಿಮಾನದಿಂದ ಅಪಾಯದ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವುದನ್ನು ನಾವು ಒಪ್ಪುವುದಿಲ್ಲ. ಹಾಗೆಯೇ ಪರೀಕ್ಷೆ ಮಾಡದೆ ಗಟ್ಟಿ ಗೋಡೆಯನ್ನು ಕೆಡವಿ ಗುತ್ತಿಗೆ ಕೊಡುವುದನ್ನೂ ಒಪ್ಪುವುದಿಲ್ಲ.

ಹಣವಿಲ್ಲವೆಂಬ ಮಾತು ನಡೆಯದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಮುಂಗಡಪತ್ರದಲ್ಲಿ 5000 ಕೋಟಿ ರೂಪಾಯಿ ಘೋಷಿಸಲಾಯಿತು. ಹೊಸ ಕಟ್ಟಡಕ್ಕೆ ಅಡಿಗಲ್ಲು, ಹಾರ, ಭಾಷಣ ಎಲ್ಲವೂ ಉಂಟು. ಮಾಳಿಗೆಯ ಕಸ ತೆಗೆದದ್ದಕ್ಕೆ ಉದ್ಘಾಟನೆ ಇಲ್ಲ. ತೊಡಕು ಇರುವುದು ಇಲ್ಲಿ.

ನಮ್ಮ ಬೇಡಿಕೆಗಳು ಮೂರು. ಒಂದು: ಪ್ರತಿ ಹಳೆಯ ಶಾಲೆಗೆ ವಾರ್ಷಿಕ ದುರಸ್ತಿಯ ಹಣವನ್ನು ಬೇರೆಯಾಗಿ ಕಾದಿರಿಸಿ, ಬೇಸಿಗೆ ರಜೆಯೊಳಗೆ ಕೊಡಬೇಕು. ಎರಡು: ಇಂಜಿನಿಯರರು ಪ್ರತಿ ವರ್ಷ ತೊಲೆ, ಗೋಡೆ, ಮಾಳಿಗೆ ನೋಡಿ ವರದಿಯನ್ನು ಶಾಲೆಯ ಗೋಡೆಗೆ ಅಂಟಿಸಬೇಕು, ಅಪಾಯದ ಕೋಣೆಗೆ ಅಂದೇ ಬೀಗ ಹಾಕಬೇಕು. ಮೂರು: ಸುಣ್ಣದ ಕೆಲಸ ಬಲ್ಲ ಗೌಂಡಿಗಳಿಗೆ ನ್ಯಾಯವಾದ ಕೂಲಿ ಕೊಟ್ಟು, ಹುಡುಗರಿಗೆ ಆ ಕಸಬು ಕಲಿಸಬೇಕು.

ಇದು ಭಿಕ್ಷೆಯಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಮಳೆ ಬಿಸಿಲು ತಡೆಯುವ ಶಾಲಾ ಕಟ್ಟಡವನ್ನು ಕಡ್ಡಾಯ ಮಾಡಿದೆ. ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಿಗೆ ಸ್ಥಾನವುಂಟು. ಆ ಸಭೆಗೆ ಹೋಗಿರಿ, ಲೆಕ್ಕ ಕೇಳಿರಿ, ಠರಾವು ಬರೆಯಿಸಿರಿ. ಮೃಗಶಿರ ಮಳೆ ಬರುವ ಮೊದಲು ನಿಮ್ಮ ಓಣಿಯ ಶಾಲೆಯ ಮಾಳಿಗೆಯನ್ನು ನಾಲ್ಕು ಜನ ಕೂಡಿ ನೋಡಿ ಬನ್ನಿರಿ.