ಗಟ್ಟಿಯಾಗಿರುವ ಹಸುವಿಗೆ ಸ್ಕ್ಯಾನಿಂಗ್ ಯಾಕೆ?

(ಹೈನುಗಾರ ಮಹಿಳೆಯರ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ನಮ್ಮ ಸಂಘದ ಒಬ್ಬ ಸದಸ್ಯೆಯ ಹಸು ಸತ್ತುಹೋಯಿತು. ಮೇವು ಬಿಟ್ಟಿತ್ತು, ಹಾಲು ಇಳಿದಿತ್ತು. ಅಜೀರ್ಣ ಅಂತ ಎಲ್ಲರೂ ತಿಳಿದೆವು. ಗಂಗೆದೊಗಲು ಊದಿಕೊಳ್ಳುವ ಹೊತ್ತಿಗೆ ಕಾಲ ಮಿಂಚಿತ್ತು. ಸತ್ತ ಮೇಲೆ ವೈದ್ಯರು ಕೊಯ್ದು ನೋಡಿದರೆ ಹೃದಯದ ಹತ್ತಿರ ಒಂದು ತಂತಿ ಚೂರು! ಆ ತಾಯಿಗೆ ಉಳಿದದ್ದು ಸಾಲದ ಕಂತು ಮಾತ್ರ.

ಇದು ಹೇಗಾಗುತ್ತೆ? ದನ ಮೇವನ್ನು ಪೂರ್ತಿ ಅಗಿಯದೆ ನುಂಗುತ್ತದೆ. ಜೊತೆಗೆ ಹೋದ ಮೊಳೆ, ತಂತಿ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತವೆ. ಆ ಹೊಟ್ಟೆಯ ಮುಂದೆ ತೆಳುವಾದ ವಪೆ, ಅದರಾಚೆಗೇ ಹೃದಯ. ಹೊಟ್ಟೆ ಹಿಂಡಿದಾಗ ತಂತಿ ಮುಂದೆ ಸರಿದು ಹೃದಯದ ಸುತ್ತಲಿನ ಚೀಲಕ್ಕೆ ಚುಚ್ಚಿದರೆ ಅಲ್ಲಿ ನೀರು, ಕೀವು ತುಂಬುತ್ತದೆ.

ಇದನ್ನು ಕೊಯ್ಯದೆ ನೋಡುವ ದಾರಿ ಅಲ್ಟ್ರಾಸೌಂಡ್. ಮನುಷ್ಯರ ಹೃದಯವನ್ನು ಹೀಗೆ ಮೊದಲು ಪರೀಕ್ಷಿಸಿದವರು ಸ್ವೀಡನ್ ದೇಶದ ಎಡ್ಲರ್ ಮತ್ತು ಹರ್ಟ್ಸ್, 1953ರಲ್ಲಿ. ಈಗ ಪಶುವೈದ್ಯರೂ ಇದನ್ನು ಬಳಸುತ್ತಾರೆ. ಹಸುವನ್ನು ನಿಂತಂತೆಯೇ ಹಿಡಿದು, ಬಲ ಮುಂಗಾಲನ್ನು ಸ್ವಲ್ಪ ಮುಂದಕ್ಕೆ ಇಡಿಸಿ, ಅದರ ಹಿಂದೆ ಕೂದಲು ತೆಗೆದು ಜೆಲ್ ಹಚ್ಚುತ್ತಾರೆ. ಎಲುಬು ಶಬ್ದವನ್ನು ತಡೆಯುವುದರಿಂದ ಪಕ್ಕೆಲುಬುಗಳ ಸಂದಿನಲ್ಲಿ ಉಪಕರಣ ಇಡುತ್ತಾರೆ. ನಮ್ಮ ಕಿವಿಗೆ ಕೇಳಿಸದ ಶಬ್ದ ಒಳಹೋಗಿ ಮರಳಿ ಬಂದು ಪರದೆಯ ಮೇಲೆ ಚಿತ್ರವಾಗುತ್ತದೆ. ಹೃದಯದ ನಾಲ್ಕು ಕೋಣೆಗಳು, ತೆರೆದು ಮುಚ್ಚುವ ಕವಾಟಗಳು ಕಾಣುತ್ತವೆ.

"ಗಟ್ಟಿಯಾಗಿರೋ ಹಸುವಿಗೆ ಇದೆಲ್ಲ ಯಾಕೆ ಸಿಸ್ಟರ್?" ಅಂತ ನೀವು ಕೇಳಬಹುದು. ರೋಗವಿಲ್ಲದ ಅನೇಕ ದನಗಳ ಹೃದಯದ ಗೋಡೆ ಎಷ್ಟು ದಪ್ಪ, ಕೋಣೆ ಎಷ್ಟು ಅಗಲ ಎಂದು ಅಳೆದಿಟ್ಟರೆ ತಾನೇ ರೋಗದ ಹೃದಯವನ್ನು ಹೋಲಿಸಿ ನೋಡುವುದು? ಕರುವಿನ ಅಳತೆ ಹಸುವಿಗೆ ಆಗದು, ಮೇಕೆಯದು ಎಮ್ಮೆಗೆ ಆಗದು. ಆರೋಗ್ಯವಂತ ಹಸುವಿನಲ್ಲಿ ಆ ಚೀಲ ಹೃದಯಕ್ಕೆ ಅಂಟಿದ ತೆಳು ಗೆರೆಯಂತೆ ಕಾಣುತ್ತದೆ. ನೀರು ತುಂಬಿದರೆ ನಡುವೆ ಕಪ್ಪು ಜಾಗ ಕಾಣುತ್ತದೆ. ಸರಿ ಯಾವುದೆಂದು ಗೊತ್ತಿದ್ದವರಿಗೆ ಮಾತ್ರ ತಪ್ಪು ಕಾಣುತ್ತದೆ.

ಎಲ್ಲ ಊರಿಗೂ ಈ ಯಂತ್ರ ಬರಲಾರದು. ಆದರೆ ನಿಮ್ಮ ಹಸುವಿನ ಸಹಜ ಸ್ಥಿತಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೆಲುಕು ನಿಂತಿದೆಯೇ, ಬೆನ್ನು ಬಾಗಿಸಿ ನಿಲ್ಲುತ್ತಿದೆಯೇ, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತಿದೆಯೇ, ಗಮನಿಸಿ. ಕೂಡಲೇ ವೈದ್ಯರಿಗೆ ತಿಳಿಸಿ. ತಂತಿ ಹೃದಯ ಮುಟ್ಟುವ ಮೊದಲೇ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಮುಟ್ಟಿದ ಮೇಲೆ ಉಳಿಯುವುದು ಬಹಳ ಕಷ್ಟ. ಇವತ್ತು ಮನೆಗೆ ಹೋದ ಕೂಡಲೇ ಗೋದಲಿ ಗುಡಿಸಿ, ಮೇವು ಕಟ್ಟಿದ ತಂತಿಯನ್ನು ಎತ್ತಿಡಿ. ಅಷ್ಟು ಮಾಡಿದರೆ ನಾನು ಬಂದದ್ದು ಸಾರ್ಥಕ.