ಮಳೆಗೆ ಬೆದರಿದ ಮನಸ್ಸು

ಚಿತೆಗೂ ಚಿಂತೆಗೂ ಇರುವ ಅಂತರ ಒಂದು ಸೊನ್ನೆ ಎಂದು ಹಿರಿಯರು ಹೇಳುವುದುಂಟು. ಮಕ್ಕಳಿಗೆ ಕನ್ನಡ ಪಾಠ ಹೇಳುವ ನಾನು ಈ ಮಾತನ್ನು ಎಷ್ಟೋ ಸಲ ಬರೆಸಿದ್ದೆನೇ ಹೊರತು ಅದರ ಬಿಸಿಯನ್ನು ಹತ್ತಿರದಿಂದ ಕಂಡಿರಲಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದುದು ತಮಗೆ ನೆನಪಿರಬಹುದು. ಮನೆ, ತೋಟ, ದಾರಿಗಳು ಮಣ್ಣಿನೊಡನೆ ಕೊಚ್ಚಿಹೋದುವು. ಅಲ್ಲಿಂದ ಬಂದ ಬಾಲಿಕೆಯೊಬ್ಬಳು ಮರುವರ್ಷ ನಮ್ಮ ಶಾಲೆಗೆ ಸೇರಿದಳು. ಕೊಡಗಿನವರಿಗೆ ಕಕ್ಕಡವೆಂದರೆ ಜಡಿಮಳೆಯ ತಿಂಗಳು. ಅದರ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಉಣ್ಣುವುದು ಅಲ್ಲಿನ ವಾಡಿಕೆ. ಅಂಥ ಮಳೆಯಲ್ಲಿ ಬೆಳೆದ ಹುಡುಗಿ, ಹೆಂಚಿನ ಮೇಲೆ ನಾಲ್ಕು ಹನಿ ಬಿದ್ದರೆ ಬರೆಯುವುದನ್ನು ನಿಲ್ಲಿಸಿ ಕಿಟಕಿಯತ್ತ ನೋಡುವಳು. "ಹೆದರಬೇಡಮ್ಮ, ಮಳೆ ಹಿಂದೆಯೂ ಬರುತ್ತಿತ್ತು" ಎಂದೆ. ಅಂದಿನಿಂದ ಅವಳು ನನ್ನೊಡನೆ ಮಾತನಾಡುವುದನ್ನೇ ಬಿಟ್ಟಳು.

ಶಾಲೆಗೆ ಬಂದಿದ್ದ ಆಪ್ತಸಮಾಲೋಚಕಿಯೊಬ್ಬರಿಗೆ ಇದನ್ನು ಹೇಳಿದೆ. "ಮೇಷ್ಟ್ರೇ, ನೀನು ಕಂಡದ್ದು ಸುಳ್ಳು ಎಂದ ಹಾಗೆ ಅವಳಿಗೆ ಕೇಳಿಸಿರಬೇಕು" ಎಂದರು ಅವರು.

ಅವರ ಮಾತು ನಿಜ. ಹವೆಯ ಬದಲಾವಣೆಯ ಭಯ ಬುಡವಿಲ್ಲದ ಭಯವಲ್ಲ. ಗಾಳಿಯ ಬಿಸಿ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಸುರಿದಾಗ ಒಮ್ಮೆಗೇ ಸುರಿಯುವ ಸಂಭವವೂ ಹೆಚ್ಚುತ್ತದೆ. 2021ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 10,000 ಯುವಜನರನ್ನು ವಿಚಾರಿಸಿದಾಗ, ನೂರಕ್ಕೆ 59 ಮಂದಿ ಈ ವಿಷಯದಲ್ಲಿ ತಮಗೆ ತೀವ್ರ ಚಿಂತೆಯುಂಟೆಂದರು. ತನ್ನ ನೆಲದಲ್ಲಿ ಇದ್ದುಕೊಂಡೇ ಆ ನೆಲವನ್ನು ಕಳೆದುಕೊಂಡವರ ಅಳಲಿಗೆ ಆಸ್ಟ್ರೇಲಿಯದ ತತ್ತ್ವಜ್ಞಾನಿ ಗ್ಲೆನ್ ಆಲ್ಬ್ರೆಕ್ಟ್ 'ಸೋಲಾಸ್ಟಾಲ್ಜಿಯ' ಎಂಬ ಹೆಸರನ್ನೇ ಇಟ್ಟಿದ್ದಾರೆ. ಇದು ರೋಗವಲ್ಲ, ನೊಂದ ಮನಸ್ಸಿನ ನ್ಯಾಯವಾದ ದುಃಖ.

ಹಾಗಾದರೆ ನೆರವಾಗುವುದು ಹೇಗೆ? ಆ ತಾಯಿ ಹೇಳಿದ ಕ್ರಮ ಸರಳವಾದುದು. ಮೊದಲು ಕೇಳಬೇಕು; ವಾದ ಹೂಡಬಾರದು, ಹುಸಿ ಭರವಸೆ ಕೊಡಬಾರದು. ಬಳಿಕ, ಇಂದು ಇಲ್ಲಿ ಬೀಳುವ ಮಳೆಯನ್ನು ಅಂದು ಅಲ್ಲಿ ಬಿದ್ದ ಮಳೆಯಿಂದ ಬೇರ್ಪಡಿಸಿ ನೋಡಲು ಕೈಹಿಡಿಯಬೇಕು. ದಿನವೆಲ್ಲ ಅನಾಹುತದ ಚಿತ್ರಗಳನ್ನೇ ನೋಡುವುದನ್ನು ತಗ್ಗಿಸಬೇಕು. ಕೊನೆಯದಾಗಿ, ನಾಲ್ವರೊಡನೆ ಕೂಡಿ ಮಾಡುವ ಒಂದು ಕೆಲಸವನ್ನು ಕೈಗೆ ಕೊಡಬೇಕು.

ನಾನು ಹುಡುಗಿಯನ್ನು ಕರೆದು, "ಅಂದು ನಾನು ಆಡಿದ ಮಾತು ತಪ್ಪು. ನೀನು ಕಂಡದ್ದನ್ನು ಹೇಳು" ಎಂದೆ. ಮೂರನೆಯ ದಿನ ಹೇಳಿದಳು. ಆಮೇಲೆ ಮಕ್ಕಳೆಲ್ಲ ಸೇರಿ ನೇರ ಅಂಚಿನ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ದಿನವೂ ಮಳೆಯನ್ನು ಅಳೆದು ಹಲಗೆಯ ಮೇಲೆ ಬರೆಯತೊಡಗಿದರು. ಅಳತೆಪಟ್ಟಿ ಅವಳ ಕೈಯಲ್ಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು ಎಂದು ಅವಳೇ ನನಗೆ ಲೆಕ್ಕ ಹೇಳಿಕೊಟ್ಟಳು. ಜೋರು ಮಳೆಗೆ ಈಗಲೂ ಬೆಚ್ಚುವಳು. ಆದರೆ ಬೆಚ್ಚಿದ ಮೇಲೆ ಪಟ್ಟಿ ಹಿಡಿದು ಏಳುವಳು.

ನಮ್ಮ ಅಲಂಕಾರಶಾಸ್ತ್ರದಲ್ಲಿ ಚಿಂತೆ ಸಂಚಾರಿಭಾವ, ಬಂದು ಹೋಗುವಂಥದು, ಉತ್ಸಾಹವಾದರೋ ಸ್ಥಾಯಿ. ಪಾಠದಲ್ಲಿ ಹೇಳುತ್ತಿದ್ದ ಈ ಮಾತಿನ ಅರ್ಥ ನನಗೆ ಆಗ ತಿಳಿಯಿತು.

ನಿದ್ದೆ, ಊಟ ಕೆಟ್ಟರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು. ತಮ್ಮ ಮನೆಯ ಮಗುವೊಂದು ಮಳೆಯನ್ನೋ ಬಿಸಿಲನ್ನೋ ಕಂಡು ಅಂಜಿದರೆ, "ಹೆದರಬೇಡ" ಎನ್ನುವ ಮೊದಲು ಅದರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಕೇಳಿರಿ.