ಮೈಯೇ ಮೈಗೆ ಹಗೆಯಾದಾಗ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ರೋಗದ ಮಾತೇಕೆ ಎಂದು ನೀವು ಕೇಳಬಹುದು. ತಾಯಿಯ ಬೆರಳುಗಳು ಬಾತು ರೊಟ್ಟಿ ಬಡಿಯಲಾಗದಿದ್ದರೆ ಮೊದಲು ಶಾಲೆ ಬಿಡುವವಳು ಮನೆಯ ದೊಡ್ಡ ಮಗಳು. ಮುಖದ ಮೇಲೆ ಬಿಳಿ ಕಲೆ ಕಂಡ ಹುಡುಗಿ ಕಾಲೇಜಿಗೆ ಹೋಗಲು ಹಿಂಜರಿಯುತ್ತಾಳೆ. ಅವಳ ತಂಗಿಯ ನಿಕಾಹ್ ಮಾತುಕತೆಯಲ್ಲೂ ಆ ಕಲೆಯ ಪ್ರಸ್ತಾಪ ಬರುತ್ತದೆ. ಆದ್ದರಿಂದ ಇದು ಶಿಕ್ಷಣದ ವಿಷಯವೇ ಆಗಿದೆ.

ನಮ್ಮ ಶರೀರದೊಳಗೆ ಒಂದು ಕಾವಲು ಪಡೆ ಇದೆ. ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ನಾಶ ಮಾಡುವುದು ಅದರ ಕೆಲಸ. ಕೆಲವರಲ್ಲಿ ಈ ಪಡೆ ತನ್ನವರನ್ನೇ ಪರಕೀಯರೆಂದು ತಿಳಿದು ಹೊಡೆಯತೊಡಗುತ್ತದೆ. ಇವೇ ಆಟೋಇಮ್ಯೂನ್ ರೋಗಗಳು. ಕೀಲುಗಳ ಮೇಲೆ ದಾಳಿಯಾದರೆ ರುಮಟಾಯ್ಡ್ ಸಂಧಿವಾತ, ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲಾದರೆ ತೊನ್ನು, ಹಲವು ಅಂಗಗಳ ಮೇಲಾದರೆ ಲೂಪಸ್. ಚರ್ಮ ಗಟ್ಟಿಯಾಗಿ ಬಿಗಿದುಕೊಳ್ಳುವ ಸ್ಕ್ಲೆರೋಡರ್ಮಾ ಕೂಡ ಇದೇ ಗುಂಪಿನದು.

ಇದು ವಂಶದಿಂದ ಬರುತ್ತದೆಯೇ? ಭಾಗಶಃ ಮಾತ್ರ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ರುಮಟಾಯ್ಡ್ ಇದ್ದರೆ ಇನ್ನೊಬ್ಬರಿಗೂ ಬರುವುದು ನೂರರಲ್ಲಿ ಸುಮಾರು ೧೫ ಜೋಡಿಗಳಲ್ಲಿ ಮಾತ್ರ. ವಂಶ ಒಂದೇ ಆಗಿದ್ದರೂ ರೋಗ ಒಬ್ಬರಿಗೇ ಬರುವುದಾದರೆ, ಬದುಕಿನಲ್ಲಿ ಎದುರಾಗುವ ಬೇರೆ ಸಂಗತಿಗಳಿಗೂ ಅದರಲ್ಲಿ ಪಾಲಿದೆ ಎಂದಾಯಿತು.

ಅವುಗಳಲ್ಲಿ ಮೊದಲನೆಯದು ತಂಬಾಕಿನ ಹೊಗೆ. ಹೊಗೆ ತಾಗಿದ ಶ್ವಾಸಕೋಶದಲ್ಲಿ ಕೆಲವು ಪ್ರೋಟೀನುಗಳ ರೂಪ ಬದಲಾಗುತ್ತದೆ. ಕಾವಲು ಪಡೆಗೆ ಅವು ಅಪರಿಚಿತವಾಗಿ ಕಾಣುತ್ತವೆ. ೨೦೦೬ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರ ಪ್ರಕಾರ, ತಂದೆ ತಾಯಿ ಇಬ್ಬರಿಂದಲೂ ಒಂದು ಬಗೆಯ ವಂಶಗುಣ ಪಡೆದವರು ಧೂಮಪಾನವನ್ನೂ ಮಾಡಿದರೆ, ಆ ಎರಡೂ ಇಲ್ಲದವರಿಗಿಂತ ಅವರಿಗೆ ರುಮಟಾಯ್ಡಿನ ಒಂದು ಮುಖ್ಯ ಪ್ರಕಾರ ಬರುವ ಸಂಭವ ೨೧ ಪಟ್ಟು ಹೆಚ್ಚು. ವಂಶಗುಣವನ್ನು ಬದಲಿಸಲಾಗದು, ಬೀಡಿಯನ್ನು ಬಿಡಬಹುದು.

ಎರಡನೆಯದು ಕಲ್ಲಿನ ಧೂಳು. ೧೯೧೪ರಷ್ಟು ಹಿಂದೆಯೇ ಎಡಿನ್‌ಬರೋದ ವೈದ್ಯ ಬೈರಮ್ ಬ್ರಾಮ್‌ವೆಲ್ ಕಲ್ಲು ಕೆಲಸಗಾರರಲ್ಲಿ ಸ್ಕ್ಲೆರೋಡರ್ಮಾ ಗಮನಿಸಿ ಬರೆದಿದ್ದರು. ಕಲ್ಲಿನಲ್ಲಿರುವ ಸಿಲಿಕಾದ ಕಣ್ಣಿಗೆ ಕಾಣದ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದು ಕಷ್ಟ. ಅದು ಕಾವಲು ಪಡೆಯನ್ನು ಸದಾ ಕೆರಳಿಸುತ್ತಿರುತ್ತದೆ. ಕ್ವಾರಿ, ಕ್ರಷರ್, ಗ್ರಾನೈಟ್ ಪಾಲಿಶ್, ಟೈಲ್ಸ್ ಕತ್ತರಿಸುವ ಕೆಲಸದಲ್ಲಿರುವ ತರುಣರು ನಮ್ಮ ಮನೆಗಳಲ್ಲೂ ಇದ್ದಾರೆ. ಬಾಯಿಗೆ ಕಟ್ಟಿದ ಕರ್ಚೀಫು ಈ ಧೂಳನ್ನು ತಡೆಯದು. ಕಲ್ಲಿಗೆ ನೀರು ಹರಿಸುತ್ತ ಕತ್ತರಿಸಬೇಕು, ಸರಿಯಾದ ಮಾಸ್ಕ್ ಧರಿಸಬೇಕು.

ಮೂರನೆಯದು ಹೊಲದ ಔಷಧಿ. ಹತ್ತಿಗೆ, ಮೆಣಸಿನಗಿಡಕ್ಕೆ ಎಣ್ಣೆ ಹೊಡೆಯುವುದು ಇಲ್ಲಿ ದಿನನಿತ್ಯದ ಮಾತು. ಅಮೆರಿಕದ ಸುಮಾರು ೭೭ ಸಾವಿರ ಮಹಿಳೆಯರ ಮಾಹಿತಿ ಆಧರಿಸಿ ೨೦೧೧ರಲ್ಲಿ ಬಂದ ವರದಿಯಲ್ಲಿ, ಕೀಟನಾಶಕವನ್ನು ಸ್ವತಃ ಬಳಸಿದವರಲ್ಲಿ ರುಮಟಾಯ್ಡ್ ಮತ್ತು ಲೂಪಸ್ ಹೆಚ್ಚಾಗಿ ಕಂಡವು. ಇದು ಸಂಬಂಧದ ಸೂಚನೆಯೇ ಹೊರತು, ಇದರಿಂದಲೇ ರೋಗ ಬಂತೆಂಬುದಕ್ಕೆ ಸಾಕ್ಷಿಯಲ್ಲ. ಆದರೂ ಬರಿಗೈಯಲ್ಲಿ ಔಷಧಿ ಕಲೆಸುವುದನ್ನು ಬಿಡಲು ಬೇರೆ ಸಾಕ್ಷಿ ಬೇಕಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಬರುವ ಸೀನು ಬೇರೆ. ಅದು ಮೂಗಿನ ಕೆರಳಿಕೆ, ಆಟೋಇಮ್ಯೂನ್ ರೋಗವಲ್ಲ.

ಕೊನೆಯದಾಗಿ, ಹೆಣ್ಣುಮಕ್ಕಳು ಗಮನವಿಟ್ಟು ಕೇಳಬೇಕಾದದ್ದು. ೧೯೩೯ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರಲ್ಲಿ ರಬ್ಬರ್ ಕೈಗವಸು ತೊಟ್ಟವರ ಕೈಗಳು ಬೆಳ್ಳಗಾದವು. ರಬ್ಬರಿನಲ್ಲಿದ್ದ ರಾಸಾಯನಿಕವೇ ಅದಕ್ಕೆ ಕಾರಣವಾಗಿತ್ತು. ಜಪಾನಿನಲ್ಲಿ ಮೈಬಣ್ಣ ತಿಳಿಯಾಗಿಸುವ ಕ್ರೀಮುಗಳನ್ನು ೨೦೧೩ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ೧೬ ಸಾವಿರಕ್ಕೂ ಹೆಚ್ಚು ಜನರಿಗೆ ಬಿಳಿ ಕಲೆಗಳಾಗಿದ್ದವು. ನಮ್ಮ ದೇಶದಲ್ಲಿ ಟಿಕಳಿಯ ಅಂಟಿನಿಂದ ಹಣೆಯ ಮೇಲೆ, ಕೂದಲಿಗೆ ಹಚ್ಚುವ ಕಪ್ಪು ಬಣ್ಣದಿಂದ ತಲೆಯ ಸುತ್ತ ಇಂಥ ಕಲೆಗಳಾದದ್ದನ್ನು ಚರ್ಮವೈದ್ಯರು ದಾಖಲಿಸಿದ್ದಾರೆ. ಈ ರಾಸಾಯನಿಕಗಳಲ್ಲಿ ಹಲವು, ಚರ್ಮದ ಕಣ ಬಣ್ಣ ತಯಾರಿಸಲು ಬಳಸುವ ವಸ್ತುವನ್ನೇ ಹೋಲುತ್ತವೆ. ಅವು ಒಳಹೊಕ್ಕಾಗ ಕಣ ಸಂಕಟಕ್ಕೀಡಾಗುತ್ತದೆ, ಕಾವಲು ಪಡೆ ಅದನ್ನು ಶತ್ರುವೆಂದು ಭಾವಿಸುತ್ತದೆ.

ಈದ್ ಮತ್ತು ಮದುವೆಗಳಲ್ಲಿ ಮೆಹಂದಿ ನಮ್ಮ ಸಂಭ್ರಮ. ಎಲೆಯನ್ನು ಅರೆದು ಹಚ್ಚಿದ ಮೆಹಂದಿ ಕೆಂಪಾಗಿ ನಿಧಾನಕ್ಕೆ ರಂಗೇರುತ್ತದೆ. ಹಚ್ಚಿದ ಅರ್ಧ ಗಂಟೆಯಲ್ಲೇ ಕಡುಕಪ್ಪಾಗುವ ಕೋನ್‌ನಲ್ಲಿ ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರಬಹುದು. ಅದರಿಂದ ಗುಳ್ಳೆಗಳೆದ್ದು, ಕೆಲವರಲ್ಲಿ ಅಲ್ಲಿಯ ಚರ್ಮ ಬಿಳುಪಾಗುವುದೂ ಉಂಟು. ಅದನ್ನು ಮಕ್ಕಳ ಕೈಗೆ ಹಚ್ಚಬೇಡಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ತೊನ್ನು ಬಂದ ಬಹುಪಾಲು ಜನರಲ್ಲಿ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಆದ್ದರಿಂದ ‘ನೀನೇ ಏನೋ ಹಚ್ಚಿಕೊಂಡೆ’ ಎಂದು ಯಾರನ್ನೂ ದೂರಬೇಡಿ. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ, ಪಾಪದ ಫಲವಂತೂ ಅಲ್ಲವೇ ಅಲ್ಲ. ಆದರೆ ಮೈಮೇಲಿನ ಕಲೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಬೇರೆ ರೋಗವಿರಬಹುದು, ಕೂಡಲೇ ವೈದ್ಯರಿಗೆ ತೋರಿಸಿ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಒಂದು ಗಂಟೆ ಹಿಡಿದರೆ, ಕೀಲಿನ ಊತ ಆರು ವಾರವಾದರೂ ಇಳಿಯದಿದ್ದರೆ ‘ವಾಯು’ ಎಂದು ಕೂಡಬೇಡಿ. ರುಮಟಾಯ್ಡಿಗೆ ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಕೈ ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಶರೀರ ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿಯವರ (ಸ) ಉಪದೇಶ. ಇಂದು ಕೇಳಿದ್ದನ್ನು ವಿದ್ಯಾರ್ಥಿಗಳು ಮನೆಗೆ ಹೋಗಿ ತಾಯಿಗೆ, ಕಲ್ಲು ಕೆಲಸಕ್ಕೆ ಹೋಗುವ ಅಣ್ಣನಿಗೆ, ಬೀಡಿ ಸೇದುವ ಅಬ್ಬಾಗೆ ಅದಬಿನಿಂದ ತಿಳಿಸಲಿ. ತರಗತಿಯಲ್ಲಿ ಬಿಳಿ ಕಲೆಯ ಗೆಳತಿಯಿದ್ದರೆ ಅವಳ ಪಕ್ಕದಲ್ಲೇ ಕುಳಿತುಕೊಳ್ಳಲಿ.